ಬೆಳಗಿನ ಪಾಳಿಯ ರಿಜಿಸ್ಟರ್

"ಇದನ್ನೂ ತಗೊಳ್ಳೋಕಾಗಲ್ಲ," ಎಂದು ನಗರಸಭೆಯ ದಾಖಲೆ ಕೊಠಡಿಯ ಗುಮಾಸ್ತೆ ನನ್ನ ಅರ್ಜಿಯನ್ನು ಗಾಜಿನ ಕೆಳಗಿನ ಸಂದಿಯಿಂದ ಹಿಂದಕ್ಕೆ ತಳ್ಳಿದಳು.

"ಈಗೇನು ತಪ್ಪಾಯ್ತು?"

"ಆ ದಿನ ಫೋನ್ ಬಂದಿತ್ತಾ, ಬಂದಿದ್ರೆ ಯಾಕೆ ನಮೂದಾಗಿಲ್ಲ ಅಂತ ಬರೆದಿದ್ದೀರಿ. ಇಲ್ಲಿ ಪ್ರಶ್ನೆಗೆ ಉತ್ತರ ಕೊಡಲ್ಲ. ಕಾಗದ ಕೇಳಿದ್ರೆ ಕಾಗದ ಕೊಡ್ತೀವಿ."

"ಉತ್ತರ ಆ ಕಾಗದದಲ್ಲೇ ಇರುತ್ತಲ್ಲಮ್ಮ."

"ಇರಬಹುದು. ಯಾವ ಕಾಗದ ಅಂತ ನೀವು ಹೇಳಬೇಕು."

ಮೂವತ್ತೊಂದು ವರ್ಷ ಪ್ರಶ್ನೆ ಕೇಳಿಯೇ ಸಂಬಳ ಎಣಿಸಿದವನು ನಾನು. ನಿವೃತ್ತ ಇನ್‌ಸ್ಪೆಕ್ಟರ್ ಎಂದರೆ ಈ ಕಟ್ಟಡದಲ್ಲಿ ಹಲ್ಲು ಕಿತ್ತ ಹಾವು. ನನ್ನ ಹಿಂದೆ ನಿಂತಿದ್ದವನೊಬ್ಬ, "ಬೀಗದಮ್ಮನ ಹತ್ರ ವಾದ ಮಾಡಬೇಡಿ ಯಜಮಾನ್ರೇ, ಸಂಜೆವರೆಗೂ ಇಲ್ಲೇ ನಿಲ್ಲಿಸ್ತಾರೆ," ಎಂದ. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಸಿಕ್ಕಿಸಿಕೊಂಡು ಓಡಾಡುವ ಅವಳಿಗೆ ಸಾಲಿನಲ್ಲಿ ನಿಲ್ಲುವವರು ಇಟ್ಟ ಹೆಸರು ಅದು. ವಯಸ್ಸು ಮೂವತ್ತೈದರ ಆಸುಪಾಸು. ನಗುವುದನ್ನು ನಾನಂತೂ ನೋಡಿಲ್ಲ.

ಹತ್ತೊಂಬತ್ತು ದಿನಗಳಲ್ಲಿ ಇದು ನನ್ನ ಆರನೇ ಅರ್ಜಿ. ಮೊದಲ ಐದರ ಮೇಲೂ ಅವಳ ದುಂಡನೆಯ ಅಕ್ಷರದಲ್ಲಿ ಒಂದೊಂದು ಷರಾ ಇತ್ತು: ದಾಖಲೆ ಲಭ್ಯವಿಲ್ಲ, ದಾಖಲೆಯ ಹೆಸರು ಸ್ಪಷ್ಟವಿಲ್ಲ, ದಾಖಲೆ ಲಭ್ಯವಿಲ್ಲ. ಆ ಅಕ್ಷರ ಈಗ ನನ್ನ ಕನಸಿಗೂ ಬರುತ್ತಿತ್ತು. ನನ್ನ ಹೆಂಡತಿಯಂತೂ ಬೆಳಿಗ್ಗೆ ಬಾಗಿಲವರೆಗೂ ಬಂದು, "ಡ್ಯೂಟಿಯಲ್ಲಿದ್ದಾಗ ಇದರಲ್ಲಿ ಅರ್ಧ ಓಡಾಡಿದ್ರೂ ಸಾಕಿತ್ತು," ಎಂದು ಕಳಿಸಿದ್ದಳು. ಅವಳು ಚುಚ್ಚಲೆಂದು ಹೇಳಿದ್ದಲ್ಲ. ಆದರೂ ನೇರವಾಗಿ ಎದೆಗೇ ತಾಕಿತು, ಏಕೆಂದರೆ ಅದು ನಿಜ.

ಹನ್ನೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ, ಊರಿನ ನೀರಿನ ಟ್ಯಾಂಕ್ ತೊಳೆಯಲು ಇಳಿದಿದ್ದ ಕೆಲಸಗಾರನೊಬ್ಬ ಒಳಗಿರುವಾಗಲೇ ಪಂಪ್ ಹೌಸಿನಲ್ಲಿ ವಾಲ್ವ್ ತೆರೆಯಿತು. ಅವನು ಸತ್ತ. ವಾಲ್ವ್ ತಿರುಗಿಸಿದ ಪಂಪ್ ಆಪರೇಟರನನ್ನು ನಾನು ಹಿಡಿದೆ.

"ನಾನು ಕೇಳಿಯೇ ತೆಗೆದೆ ಸಾರ್," ಎಂದು ಅವನು ಮೊದಲ ದಿನದಿಂದ ಕಡೆಯ ದಿನದವರೆಗೂ ಒಂದೇ ಮಾತು ಹೇಳಿದ. "ಆರು ಹತ್ತಕ್ಕೆ ದೂರು ಕೊಠಡಿಗೆ ಫೋನ್ ಮಾಡಿದೆ. ಒಬ್ಬರು ಹೆಂಗಸು ಎತ್ತಿದ್ರು. ಟ್ಯಾಂಕಲ್ಲಿ ಯಾರೂ ಇಲ್ಲ, ತೆಗೀರಿ ಅಂದ್ರು."

ನೀರು ಸರಬರಾಜಿನವರ ಪದ್ಧತಿಯೇ ಹಾಗೆ. ದೂರು ಕೊಠಡಿಯನ್ನು ಕೇಳದೆ ವಾಲ್ವ್ ಮುಟ್ಟುವಂತಿಲ್ಲ, ಅಲ್ಲಿಗೆ ಬಂದ ಪ್ರತಿ ಫೋನನ್ನೂ ಸಮಯ ಹಾಕಿ ರಿಜಿಸ್ಟರಿನಲ್ಲಿ ಬರೆಯಬೇಕು. ನಾನು ರಿಜಿಸ್ಟರ್ ಕೇಳಿದೆ. ಅಲ್ಲಿನ ಎಂಜಿನಿಯರ್ ಆ ಬೆಳಗಿನ ನಮೂದುಗಳನ್ನು ಟೈಪ್ ಮಾಡಿಸಿ ಕಳಿಸಿದ. ಅದರಲ್ಲಿ ಐದು ಐವತ್ತಕ್ಕೆ ಒಂದು ಫೋನ್, ಆಮೇಲೆ ಆರು ಮೂವತ್ತೈದಕ್ಕೆ ಇನ್ನೊಂದು. ನಡುವೆ ಏನೂ ಇಲ್ಲ. ಪಾಳಿ ಪಟ್ಟಿಯಲ್ಲಿ ಇದ್ದದ್ದೂ ಗಂಡಸಿನ ಹೆಸರು. ಹೆಣ್ಣಿನ ದನಿ ಎಲ್ಲಿಂದ ಬಂತಪ್ಪ ಎಂದು ಲಾಕಪ್ಪಿನ ಮುಂದೆ ನಿಂತು ನಾನೇ ನಕ್ಕಿದ್ದೆ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನನ್ನದು. ಆ ಒಂದು ಹಾಳೆ ನಂಬಿ ಆರೋಪಪಟ್ಟಿ ಬರೆದೆ.

ಅವನು ನಾಲ್ಕು ವರ್ಷ ಒಳಗಿದ್ದ. ಹೊರಬಂದ ಮೇಲೆ ಯಾರೂ ಕೆಲಸ ಕೊಡಲಿಲ್ಲ. ಈಗ ಮನೆಯ ನಲ್ಲಿಯನ್ನೂ ತಾನಾಗಿ ತಿರುಗಿಸುವುದಿಲ್ಲವಂತೆ. "ತೆಗೀಲಾ?" ಎಂದು ಮಗಳನ್ನು ಕೇಳಿ, ಅವಳು ಹೂಂ ಅಂದ ಮೇಲೆ ಕೈ ತೊಳೆಯುತ್ತಾನಂತೆ. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆ ಮಗಳೇ ನನ್ನ ಮನೆ ಹುಡುಕಿಕೊಂಡು ಬಂದು, ಶಿಕ್ಷೆಯ ವಿರುದ್ಧ ಹಾಕಿದ ಮನವಿ ಈ ಗುರುವಾರ ವಿಚಾರಣೆಗೆ ಬರುತ್ತದೆ, ಮೂಲ ರಿಜಿಸ್ಟರ್ ಸಿಕ್ಕರೆ ಅಪ್ಪನ ಹೆಸರು ಉಳಿಯುತ್ತದೆ, ಇಲ್ಲದಿದ್ದರೆ ಅವನು ಕೊಲೆಗಾರನಾಗಿಯೇ ಸಾಯುತ್ತಾನೆ ಎಂದಿದ್ದಳು.

ಇವತ್ತು ಮಂಗಳವಾರ.

"ಸರಿ," ಎಂದೆ ಗುಮಾಸ್ತೆಗೆ. "ನಿಮ್ಮಲ್ಲಿ ಹಳೇ ರಿಜಿಸ್ಟರ್ ನಾಶ ಮಾಡಿದ್ರೆ ಅದಕ್ಕೊಂದು ಪಟ್ಟಿ ಇರುತ್ತಾ?"

"ಇರುತ್ತೆ. ರಿಜಿಸ್ಟರ್ ಹತ್ತು ವರ್ಷ ಇಡ್ತೀವಿ. ನಾಶಪಟ್ಟಿ ಯಾವಾಗಲೂ ಇರುತ್ತೆ."

"ಹಾಗಾದ್ರೆ ಆ ಪಟ್ಟಿ ಕೊಡಿ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿದಳು. "ಅರ್ಜಿಯಲ್ಲಿ ಹಾಗೇ ಬರೀರಿ," ಎಂದಳು. ದನಿ ಸ್ವಲ್ಪ ಮೆತ್ತಗಾಗಿತ್ತು ಎಂದು ನನಗೆ ಅನಿಸಿತು. ಅನಿಸಿದ್ದನ್ನೆಲ್ಲ ನಂಬಿ ಕೆಟ್ಟವನು ನಾನು, ಹಾಗಾಗಿ ಅದನ್ನು ಅಲ್ಲಿಗೇ ಬಿಟ್ಟೆ.

ಪಟ್ಟಿ ಹದಿನಾಲ್ಕು ಪುಟ. ಗೋಡೆಗೆ ಒರಗಿಸಿದ್ದ ಬೆಂಚಿನ ಮೇಲೆ ಕೂತು, ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ಹನ್ನೊಂದನೇ ಪುಟದಲ್ಲಿ ಆ ವರ್ಷದ ಆ ತಿಂಗಳು ಸಿಕ್ಕಿತು. ಮಧ್ಯಾಹ್ನದ ಪಾಳಿ, ನಾಶ. ರಾತ್ರಿ ಪಾಳಿ, ನಾಶ. ಬೆಳಗಿನ ಪಾಳಿಯ ಸಾಲೇ ಇಲ್ಲ. ಹಿಂದಿನ ತಿಂಗಳಲ್ಲೂ ಮುಂದಿನ ತಿಂಗಳಲ್ಲೂ ಮೂರು ಪಾಳಿ ಇವೆ, ಈ ತಿಂಗಳಲ್ಲಿ ಮಾತ್ರ ಎರಡು.

ಪಟ್ಟಿಯ ಕೊನೆಯಲ್ಲಿ ತಯಾರಿಸಿದವರ ಸಹಿ. ಅದೇ ಎಂಜಿನಿಯರ್. ಅವನು ತನ್ನ ನಿವೃತ್ತಿಗೆ ಒಂದು ವಾರ ಮುಂಚೆ ಮಾಡಿದ ಪಟ್ಟಿ ಅದು.

ನನಗೆ ಖುಷಿಯಾಯಿತು, ಹೇಳಲು ನಾಚಿಕೆಯಾದರೂ ಆಯಿತು. ಕಳ್ಳ ಸಿಕ್ಕಿದ ಎಂದುಕೊಂಡೆ. ಬೆಳಗಿನ ಪಾಳಿಯ ರಿಜಿಸ್ಟರನ್ನು ಇವನು ಎಲ್ಲೋ ಬಚ್ಚಿಟ್ಟಿದ್ದಾನೆ, ಅದಕ್ಕೇ ಪಟ್ಟಿಗೆ ಸೇರಿಸಿಲ್ಲ. ಹನ್ನೆರಡು ವರ್ಷ ನನ್ನನ್ನು ಕೊರೆದ ತಪ್ಪು ಇನ್ನೊಬ್ಬನ ಹೆಗಲಿಗೆ ದಾಟಿತು ಎಂಬ ಖುಷಿ ಅದು.

*

ಎಂಜಿನಿಯರ್ ಇದ್ದದ್ದು ಮೂರನೇ ಮಹಡಿಯ ಮನೆಯಲ್ಲಿ. ಲಿಫ್ಟ್ ಕೆಟ್ಟಿತ್ತು. ನಾನು ಏದುಸಿರು ಬಿಡುತ್ತ ಹೋದಾಗ ಅವನು ನಡುಮನೆಯ ಮೇಜಿನ ಮೇಲೆ ಕಂಬಳಿ ಹಾಸಿ ಶರ್ಟುಗಳಿಗೆ ಇಸ್ತ್ರಿ ಹಾಕುತ್ತಿದ್ದ. ಮುದುಕನಾಗಿದ್ದ. ನಾನೂ ಆಗಿದ್ದೇನೆ, ಆದರೆ ಅದು ಬೇರೆಯವರಲ್ಲಿ ಬೇಗ ಕಾಣುತ್ತದೆ.

"ಬನ್ನಿ," ಎಂದ, ಗುರುತು ಹಿಡಿದು. "ಬರ್ತೀರಿ ಅಂತ ಗೊತ್ತಿತ್ತು. ಇಷ್ಟು ತಡವಾಗುತ್ತೆ ಅಂತ ಗೊತ್ತಿರಲಿಲ್ಲ."

ನಾನು ನಾಶಪಟ್ಟಿಯ ಹನ್ನೊಂದನೇ ಪುಟವನ್ನು ಅವನ ಮುಂದಿಟ್ಟೆ. "ಬೆಳಗಿನ ಪಾಳಿ ಎಲ್ಲಿ?"

ಅವನು ಕನ್ನಡಕ ಹಾಕಿಕೊಂಡು ನೋಡಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಎಂದು ನಾನು ಕಾಯುತ್ತಿದ್ದೆ. ಅವನು ಏನೂ ಮುಟ್ಟಿಕೊಳ್ಳಲಿಲ್ಲ.

"ಕೈಯಲ್ಲಿ ಇಲ್ಲದ ರಿಜಿಸ್ಟರನ್ನ ನಾಶ ಮಾಡಿದೆ ಅಂತ ಹೇಗೆ ಬರೀಲಿ?"

"ಯಾರ ಕೈಯಲ್ಲಿತ್ತು?"

"ನಿಮ್ಮ ಕೈಯಲ್ಲಿ."

"ಸುಳ್ಳು. ನೀವು ನನಗೆ ಕೊಟ್ಟಿದ್ದು ಟೈಪ್ ಮಾಡಿದ ಒಂದು ಹಾಳೆ."

"ಹಾಳೆ ಮೇಲಿತ್ತು. ಅದರ ಕೆಳಗೆ ದಾರ ಕಟ್ಟಿದ ಕಂತೆ ಇತ್ತು. ನೀವು ಪತ್ರದಲ್ಲಿ ಮೂಲ ರಿಜಿಸ್ಟರ್ ಅಂತ ಬರೆದಿದ್ರಿ, ಇಲ್ಲ ಅನ್ನೋ ಹಾಗಿರಲಿಲ್ಲ. ಕಳಿಸಿದೆ."

ಅವನು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಕುರ್ಚಿಯ ಮೇಲೆ ಕೂತ.

"ಟೈಪ್ ಮಾಡಿದ್ದು ನಾನೇ. ಒಂದು ಸಾಲು ಬಿಟ್ಟೆ. ಬೇಕಂತಲೇ ಬಿಟ್ಟೆ. ಕಂತೆ ಬಿಚ್ಚಿ ಹಾಳೆಗೂ ರಿಜಿಸ್ಟರಿಗೂ ಹೊಂದಿಸಿ ನೋಡಿದ್ರೆ ಎರಡೇ ನಿಮಿಷದಲ್ಲಿ ಸಿಕ್ಕಿಬೀಳ್ತಿದ್ದೆ. ಪೊಲೀಸ್ ಬರ್ತಾರೆ ಅಂತ ಮೂರು ತಿಂಗಳು ಸರಿಯಾಗಿ ಊಟ ಮಾಡಲಿಲ್ಲ ನಾನು. ಬಾಗಿಲು ತಟ್ಟಿದ್ರೆ ನೀವೇ ಅನ್ಕೊಳ್ತಿದ್ದೆ."

ನಾನು ಹನ್ನೊಂದನೇ ಪುಟವನ್ನು ವಾಪಸು ತೆಗೆದುಕೊಂಡು ಮಡಚಿದೆ.

"ನೀವು ಬರಲೇ ಇಲ್ಲ. ಆಮೇಲೆ ಶಿಕ್ಷೆ ಆಯ್ತು ಅಂತ ಪೇಪರಲ್ಲಿ ಓದಿದೆ."

"ಓದಿ ಸುಮ್ಮನಿದ್ರಿ."

"ಸುಮ್ಮನಿದ್ದೆ." ಅವನು ತಲೆ ತಗ್ಗಿಸಲಿಲ್ಲ, ನನ್ನನ್ನೇ ನೋಡುತ್ತ ಹೇಳಿದ. "ನೀವೂ ಸುಮ್ಮನಿದ್ರಿ. ನನಗಾದ್ರೂ ಕಾರಣ ಇತ್ತು."

ಅವನ ಕತ್ತುಪಟ್ಟಿ ಹಿಡಿಯಬೇಕು ಎನಿಸಿತು. ಹಿಡಿದು ಏನೆಂದು ಕೇಳುವುದು? ಲಂಚ ತಿಂದು ಮುಚ್ಚಿಹಾಕಿದ್ದರೆ ನನಗೂ ಕಡೇಪಕ್ಷ ಒಂದು ಕಾರಣವಿರುತ್ತಿತ್ತು. ನಾನು ಲಂಚ ತಿಂದವನಲ್ಲ. ಬರೀ ದಾರ ಬಿಚ್ಚದವನು.

"ಏನು ಕಾರಣ?" ಎಂದೆ.

"ಪಾಳಿಯವನು ಅವತ್ತು ಬಂದಿರಲಿಲ್ಲ. ಕೆಲಸಕ್ಕೆ ಸೇರಿ ಒಂಬತ್ತು ದಿನ ಆಗಿದ್ದ ಹುಡುಗಿಯನ್ನ ಫೋನಿನ ಮುಂದೆ ಕೂರಿಸಿದ್ದೆ. ಯಾರಾದ್ರೂ ಕೇಳಿದ್ರೆ ಟ್ಯಾಂಕ್ ಖಾಲಿ ಅಂತ ಹೇಳು ಅಂದವನು ನಾನೇ. ತೊಳೆಯೋಕೆ ಇಳಿದಿದ್ದ ಇಬ್ಬರೂ ಮೇಲೆ ಬಂದಿದ್ದಾರೆ ಅನ್ಕೊಂಡಿದ್ದೆ. ಒಬ್ಬನೇ ಬಂದಿದ್ದ. ಅವಳು ನಾನು ಹೇಳಿದ್ದನ್ನ ಹೇಳಿದಳು, ಹೇಳಿದ್ದನ್ನ ನೀಟಾಗಿ ರಿಜಿಸ್ಟರಲ್ಲಿ ಬರೆದಳು. ಆ ಸಾಲು ಹೊರಗೆ ಬಂದ್ರೆ ನಾನೂ ಹೋಗ್ತಿದ್ದೆ, ಅವಳೂ ಹೋಗ್ತಿದ್ದಳು. ಅವಳ ಸಂಬಳದ ಮೇಲೆ ಮನೆಯಲ್ಲಿ ಐದು ಜನ."

"ಪಂಪ್ ಆಪರೇಟರ್ ಮನೆಯಲ್ಲೂ ಜನ ಇದ್ರು."

"ಇದ್ರು," ಎಂದ. ಕನ್ನಡಕ ತೆಗೆದು ಮಡಚುತ್ತ ಮತ್ತೆ, "ಇದ್ರು," ಎಂದ.

"ಆ ಹುಡುಗಿ ಯಾರು?"

"ಅದನ್ನ ನನ್ನ ಬಾಯಿಂದ ಹೇಳಿಸಬೇಡಿ. ಒಂದು ಸಲ ಅವಳ ಕೈಲಿ ತಪ್ಪು ಹೇಳಿಸಿದ್ದು ಸಾಕು."

"ಗುರುವಾರ ಕೋರ್ಟಿಗೆ ಬಂದು ಇಷ್ಟನ್ನಾದ್ರೂ ಹೇಳ್ತೀರಾ?"

"ರಿಜಿಸ್ಟರ್ ಇಲ್ಲದೆ ನನ್ನ ಮಾತು ಯಾರು ನಂಬ್ತಾರೆ? ಟೈಪ್ ಮಾಡಿದ ಹಾಳೆಯಲ್ಲಿ ನನ್ನದೇ ಸಹಿ ಇದೆ. ಅವತ್ತು ಸುಳ್ಳು, ಇವತ್ತು ನಿಜ ಅಂದ್ರೆ, ಇವತ್ತಿನದೇ ಸುಳ್ಳಿರಬಹುದು ಅಂತಾರೆ." ಅವನು ಎದ್ದು ಇನ್ನೊಂದು ಶರ್ಟ್ ಹರವಿದ. "ನನ್ನನ್ನ ಬಿಡಿ. ದಾಖಲೆ ಕೊಠಡಿಗೆ ಹೋಗಿ ಹೊರಚೀಟಿ ಕೇಳಿ. ನಂಬಿಕೆ ಬರುತ್ತೆ."

ಹೊರಚೀಟಿ ಎಂದರೆ ಏನೆಂದು ನಾನು ಮೆಟ್ಟಿಲಿಳಿಯುವ ಮೊದಲು ಅವನೇ ಹೇಳಿದ. ಕಪಾಟಿನಿಂದ ಒಂದು ರಿಜಿಸ್ಟರ್ ಹೊರಗೆ ಹೋದರೆ ಅದರ ಜಾಗದಲ್ಲಿ ದಪ್ಪ ರಟ್ಟಿನ ಚೀಟಿಯೊಂದನ್ನು ನಿಲ್ಲಿಸುತ್ತಾರೆ. ಯಾರು ಒಯ್ದರು, ಯಾವಾಗ, ಯಾಕೆ ಎಂದು ಅದರಲ್ಲಿರುತ್ತದೆ. ರಿಜಿಸ್ಟರ್ ತನ್ನ ಜಾಗಕ್ಕೆ ಮರಳುವ ತನಕ ಚೀಟಿ ಅಲ್ಲೇ ನಿಂತಿರುತ್ತದೆ.

*

ಅದೇ ಮಧ್ಯಾಹ್ನ ವಾಪಸು ಬಂದು, ಏಳನೇ ಅರ್ಜಿಯಲ್ಲಿ ನಾನು ಒಂದೇ ಸಾಲು ಬರೆದೆ. ಗುಮಾಸ್ತೆ ಅದನ್ನು ಎರಡು ಸಲ ಓದಿದಳು.

"ಎಂಜಿನಿಯರ್ ಮನೆಗೆ ಹೋಗಿದ್ರಾ?"

"ಇಲ್ಲಿ ಪ್ರಶ್ನೆ ಕೇಳೋ ಹಾಗಿಲ್ಲ ಅಂತ ನೀವೇ ಹೇಳಿದ್ದು."

ಅವಳು ನಗಲಿಲ್ಲ. ಗೊಂಚಲಿನಿಂದ ಒಂದು ಕೀಲಿಕೈ ಆರಿಸಿಕೊಂಡು ಒಳಗೆ ಹೋದಳು. ಕಬ್ಬಿಣದ ಕಪಾಟು ಕಿರುಗುಟ್ಟಿದ್ದು ಕೇಳಿಸಿತು. ಐದು ನಿಮಿಷ ಎಂದುಕೊಂಡಿದ್ದು ಇಪ್ಪತ್ತಾಯಿತು. ಬಂದಾಗ ಅವಳ ಕೈಯಲ್ಲಿ ಚೀಟಿಯ ನಕಲು ಇತ್ತು, ಸೀಲು ಬಿದ್ದಿತ್ತು.

"ಸರಿಯಾಗಿ ನೋಡ್ಕೊಂಡು ತಗೊಳ್ಳಿ," ಎಂದಳು.

ನೋಡಿದೆ. ದಾಖಲೆ: ದೂರು ಕೊಠಡಿ ಕರೆ ರಿಜಿಸ್ಟರ್, ಬೆಳಗಿನ ಪಾಳಿ. ಉದ್ದೇಶ: ತನಿಖೆ. ಹಿಂದಿರುಗಿಸಬೇಕಾದ ಅವಧಿ: ಹದಿನೈದು ದಿನ. ಪಡೆದವರು: ಪೊಲೀಸ್ ಇನ್‌ಸ್ಪೆಕ್ಟರ್. ಅದರ ಕೆಳಗೆ ನನ್ನ ಸಹಿ.

ಯಾರೋ ನಕಲು ಮಾಡಿದ್ದಲ್ಲ. ಕೊನೆಯ ಅಕ್ಷರದ ಬಾಲವನ್ನು ಹಾಗೆ ಅವಸರದಲ್ಲಿ ಎಳೆದು ಬಿಡುವುದು ನಾನೊಬ್ಬನೇ. ನೆನಪಾಯಿತು. ಅವತ್ತು ಮೇಲಧಿಕಾರಿ ಠಾಣೆಗೆ ಬರುವವರಿದ್ದರು. ನಾನು ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು, ಹೆಡ್ ಕಾನ್‌ಸ್ಟೇಬಲ್ ಬೆರಳು ತೋರಿದಲ್ಲೆಲ್ಲ ಸಹಿ ಹಾಕಿದ್ದೆ. ಕಂತೆಯನ್ನು ಬೀರುವಿಗೆ ಹಾಕು ಎಂದಿದ್ದೆ. ಅದರೊಳಗೆ ಏನಿದೆ ಎಂದು ಆ ದಿನವೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಪಂಪ್ ಆಪರೇಟರ್ ಲಾಕಪ್ಪಿನಲ್ಲಿ ಆರು ಹತ್ತು, ಆರು ಹತ್ತು ಎಂದು ಬಡಬಡಿಸುತ್ತಿದ್ದಾಗ ಅವನ ಆರು ಹತ್ತು ನನ್ನ ಬೆನ್ನ ಹಿಂದಿನ ಬೀರುವಿನಲ್ಲಿ, ನಾಲ್ಕು ಮೊಳ ದೂರದಲ್ಲಿತ್ತು.

ಗಾಜಿನ ಆಚೆಯಿಂದ ಗುಮಾಸ್ತೆ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಸ್ವೀಕೃತಿ ಪುಸ್ತಕಕ್ಕೆ ಸಹಿ ಹಾಕಿ, ನಕಲನ್ನು ಮಡಚಿ ಜೇಬಿಗಿಟ್ಟುಕೊಂಡು ಮೆಟ್ಟಿಲಿಳಿದೆ.

ಗೇಟಿನ ಬಳಿ ಪಂಪ್ ಆಪರೇಟರನ ಮಗಳು ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ಹೆಲ್ಮೆಟ್ ತೆಗೆದು ತೋಳಿಗೆ ಸಿಕ್ಕಿಸಿಕೊಂಡಳು. ಈ ಹತ್ತೊಂಬತ್ತು ದಿನವೂ ಅಂಗಡಿಯಿಂದ ಬಿಡುವು ಮಾಡಿಕೊಂಡು ಅವಳು ಹೀಗೆ ಬಂದಿದ್ದಾಳೆ, ನನ್ನನ್ನು ಹಿಂದೆ ಕೂರಿಸಿಕೊಂಡು ಮನೆ ತಲುಪಿಸಿದ್ದಾಳೆ, ಒಂದು ಸಲವೂ ಒರಟು ಮಾತಾಡಿಲ್ಲ.

"ಏನಾದ್ರೂ ಸಿಕ್ತಾ ಸರ್?"

ಸಿಗಲಿಲ್ಲ ಎನ್ನಬಹುದಿತ್ತು. ಲಭ್ಯವಿಲ್ಲ ಎಂಬ ಷರಾ ಇನ್ನೊಂದು ಬಿತ್ತು ಎಂದರೆ ನಂಬುತ್ತಿದ್ದಳು. ಪೊಲೀಸ್ ಅಧಿಕಾರಿ ದಾಖಲೆ ಒಯ್ದು ಕಳೆದ ಎಂದು ಕೋರ್ಟಿನಲ್ಲಿ ಓದಿದರೆ ನನ್ನ ಪಿಂಚಣಿ, ನನ್ನ ಹೆಸರು, ನನ್ನ ಹೆಂಡತಿ ಅಕ್ಕಪಕ್ಕದವರ ಮುಂದೆ ತಲೆ ಎತ್ತಿ ನಡೆಯುವುದು, ಎಲ್ಲವೂ ಹೋಗುತ್ತದೆ. ನಾಲ್ಕು ಹೆಜ್ಜೆ ನಡೆಯುವುದರಲ್ಲಿ ಇದೆಲ್ಲ ಯೋಚಿಸಿದೆ. ಯೋಚಿಸಲಿಲ್ಲ ಎಂದರೆ ಸುಳ್ಳಾಗುತ್ತದೆ.

ಜೇಬಿನಿಂದ ತೆಗೆದು ಅವಳ ಕೈಗೆ ಕೊಟ್ಟೆ.

"ನನ್ನ ಸಹಿ," ಎಂದೆ. "ರಿಜಿಸ್ಟರ್ ನನ್ನ ಹತ್ರಾನೇ ಬಂದಿತ್ತು. ನಾನು ಬಿಚ್ಚಿ ನೋಡಲಿಲ್ಲಮ್ಮ. ನೋಡಿದ್ರೆ ನಿಮ್ಮಪ್ಪ ಅವತ್ತೇ ಮನೆಗೆ ಬರ್ತಿದ್ರು."

ಅವಳು ಅದನ್ನು ಬಿಡಿಸಿಯೂ ನೋಡಲಿಲ್ಲ. ಬ್ಯಾಗಿನಿಂದ ಇನ್ನೊಂದು ಕಾಗದ ತೆಗೆದು ಅದರ ಪಕ್ಕದಲ್ಲಿ ಹಿಡಿದಳು. ಅದೇ ಹೊರಚೀಟಿ, ಅದೇ ಸೀಲು. ಸೀಲಿನ ತಾರೀಖು ಮಾತ್ರ ಇಪ್ಪತ್ತು ದಿನ ಹಿಂದಿನದು. ಅವಳು ನನ್ನ ಮನೆ ಬಾಗಿಲು ತಟ್ಟಿದ್ದಕ್ಕಿಂತ ಒಂದು ದಿನ ಮುಂಚಿನದು.

"ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಇಷ್ಟು ದಿನ..."

"ನಿಮ್ಮ ಮುಖಕ್ಕೆ ಹಿಡೀಬೇಕು ಅಂತಲೇ ಹೊರಟಿದ್ದೆ. ಅಪ್ಪ ಬೇಡ ಅಂದ್ರು. ಅವರಾಗಿ ಹುಡುಕಿ, ಅವರಾಗಿ ತಂದು ಕೊಟ್ರೆ ಮುಂದಿನದು ಹೇಳು, ಇಲ್ಲಾಂದ್ರೆ ಆ ಮನುಷ್ಯನ್ನ ನಂಬಿ ಕೋರ್ಟಿಗೆ ಕರೀಬೇಡ ಅಂದ್ರು." ಅವಳ ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ತರಲ್ಲ ಅಂತ ನಾನು ಅಂದಿದ್ದೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಆ ಮಾತು ಎಷ್ಟು ಸಣ್ಣದು ಎಂದು ಆಗಲೇ ತಿಳಿದದ್ದು.

"ಹಿಂಬದಿ ಓದಿದ್ರಾ ಸರ್?" ಎಂದಳು.

"ಯಾವ ಹಿಂಬದಿ?"

"ಚೀಟಿದು. ನಿಮ್ಮ ನಕಲಲ್ಲೂ ಇದೆ. ಅವರು ಎರಡೂ ಬದಿ ತೆಗೆದೇ ಕೊಡ್ತಾರೆ."

ಇವತ್ತೂ ನಾನು ತಿರುವಿ ನೋಡಿರಲಿಲ್ಲ. ಹನ್ನೆರಡು ವರ್ಷ ಕಳೆದರೂ, ಇಷ್ಟೆಲ್ಲ ಆದರೂ.

ಅವಳ ಕೈಯಿಂದ ಕಾಗದ ತೆಗೆದುಕೊಂಡು ಹೊರಳಿಸಿದೆ. 'ಹಿಂದಿರುಗಿಸಲಾಗಿದೆ' ಎಂಬ ಮುದ್ರೆ. ತೀರ್ಪು ಬಂದ ಮೂರನೇ ದಿನದ ತಾರೀಖು. ತಂದುಕೊಟ್ಟವರು: ಇನ್‌ಸ್ಪೆಕ್ಟರ್ ಪರವಾಗಿ ಹೆಡ್ ಕಾನ್‌ಸ್ಟೇಬಲ್. ಅಂದರೆ ರಿಜಿಸ್ಟರ್ ನನ್ನಲ್ಲಿ ಕಳೆದಿಲ್ಲ. ದಾರ ಬಿಚ್ಚದೆಯೇ ಬಂದ ದಾರಿ ಹಿಡಿದು ನಗರಸಭೆಗೆ ಹೋಗಿದೆ, ಆದರೆ ಕಪಾಟಿನ ತನ್ನ ಜಾಗಕ್ಕೆ ಹೋಗಿಲ್ಲ. ನಡುವೆ ಅದನ್ನು ಯಾರೋ ಪಡೆದುಕೊಂಡಿದ್ದಾರೆ, ಪಡೆದವರು ಇಲ್ಲಿ ಸಹಿಯನ್ನೂ ಹಾಕಿದ್ದಾರೆ.

"ಕೊಟ್ಟವರೇ ಬಂದು ಕೇಳಿದ್ರೆ ಪಡ್ಕೊಂಡವರು ಇಲ್ಲ ಅನ್ನೋಕಾಗಲ್ಲ ಅಂತ ವಕೀಲರು ಹೇಳಿದ್ರು," ಎಂದಳು ಮಗಳು. "ನಾನು ಕೇಳಿದಾಗ ಲಭ್ಯವಿಲ್ಲ ಅಂದ್ರು. ಈ ಚೀಟಿ ಮುಂದಿಟ್ಟು ನೀವು ಕೇಳಬೇಕು."

ಕೊನೆಯ ಸಾಲನ್ನು ಬಿಸಿಲಿಗೆ ಹಿಡಿದು ಓದಿದೆ. ಪಡೆದವರು: ದೂರು ಕೊಠಡಿ, ಬೆಳಗಿನ ಪಾಳಿ. ಹೆಸರು ಓದಬೇಕಾದ ಅಗತ್ಯವೇ ಬೀಳಲಿಲ್ಲ. ಹತ್ತೊಂಬತ್ತು ದಿನದಿಂದ ನನ್ನ ಅರ್ಜಿಗಳ ಮೇಲೆ ಬೀಳುತ್ತಿದ್ದ ಅದೇ ದುಂಡನೆಯ ಅಕ್ಷರ. ಆರು ಹತ್ತಕ್ಕೆ ಫೋನ್ ಎತ್ತಿದ ಹುಡುಗಿ ಇವಳೇ.

ತಲೆಯೆತ್ತಿ ನೋಡಿದೆ. ಕಚೇರಿ ಮುಚ್ಚಲು ಇನ್ನೂ ಎರಡು ಗಂಟೆ ಇತ್ತು. ಮೇಲಿನ ಕಿಟಕಿಯಲ್ಲಿ ಗುಮಾಸ್ತೆ ನಮ್ಮಿಬ್ಬರನ್ನೇ ನೋಡುತ್ತ ನಿಂತಿದ್ದಳು. ನಾನು ಕಾಗದವನ್ನು ಎತ್ತಿ ತೋರಿಸಿದೆ, ಹಿಂಬದಿ ಅವಳ ಕಡೆಗೆ. ಅವಳು ಕೈ ಚಾಚಿ ಕಿಟಕಿಯ ಬಾಗಿಲು ಎಳೆದುಕೊಂಡಳು, ಒಳಗಿನಿಂದ ಚಿಲಕ ಬಿದ್ದ ಸದ್ದು ಗೇಟಿನವರೆಗೂ ಕೇಳಿಸಿತು.